ಹಡಗಿನ ಕೆಳ ಅಂತಸ್ತು ಮತ್ತು ಅಪಾರ್ಟ್‌ಮೆಂಟಿನ ನಿಯಮಗಳು

ಮೊಹಲ್ಲಾದ ಸ್ವಂತ ಮನೆಗಳಲ್ಲಿ ಬೆಳೆದ ನಮ್ಮ ಅನೇಕ ಕುಟುಂಬಗಳು ಇಂದು ಬೆಂಗಳೂರು, ಮಂಗಳೂರಿನಂತಹ ನಗರಗಳಲ್ಲಿ ಅಪಾರ್ಟ್‌ಮೆಂಟ್‌ಗಳನ್ನು ಸೇರುತ್ತಿವೆ. ಅಲ್ಲಿ ಅವರಿಗೆ ಮೊದಲು ಎದುರಾಗುವುದು ಸಂಘದ ನಿಯಮಾವಳಿ. ಬಾಲ್ಕನಿಯ ಹೊರಗೆ ಬಟ್ಟೆ ಒಣಗಿಸಬಾರದು, ಬಾಗಿಲ ಮುಂದೆ ಪಾದರಕ್ಷೆಗಳ ಗೂಡು ಇಡಬಾರದು, ಅತಿಥಿಗಳ ವಾಹನ ಒಳಗೆ ತರಬಾರದು, ರಾತ್ರಿ ಹತ್ತರ ನಂತರ ಸದ್ದು ಮಾಡಬಾರದು. ಬೆವರು ಸುರಿಸಿ ಗಳಿಸಿದ ಹಣದಿಂದ ಕೊಂಡ ಮನೆಯಲ್ಲಿ ಇನ್ನೊಬ್ಬರ ಅಪ್ಪಣೆ ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ಕಾನೂನಿನ ಉತ್ತರ ಸರಳವಾಗಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ ಪ್ರಕಾರ ಫ್ಲ್ಯಾಟ್ ಕೊಂಡವನು ನಾಲ್ಕು ಗೋಡೆಗಳ ಒಳಗಿನ ಜಾಗಕ್ಕೆ ಮಾತ್ರವಲ್ಲ, ನೆಲ, ಮೆಟ್ಟಿಲು, ಛಾವಣಿಗಳಲ್ಲಿಯೂ ಬೇರ್ಪಡಿಸಲಾಗದ ಒಂದು ಪಾಲಿಗೆ ಒಡೆಯನಾಗುತ್ತಾನೆ. ಆ ಪಾಲಿನ ಜೊತೆಗೆ ಉಪವಿಧಿಗಳಿಗೆ ಬದ್ಧನಾಗಿರುವ ಹೊಣೆಯೂ ಬರುತ್ತದೆ. ಧರ್ಮದ ಉತ್ತರ ಇದಕ್ಕಿಂತ ಹಳೆಯದು. ಕರಾರುಗಳನ್ನು ನೆರವೇರಿಸಿರಿ ಎಂಬ ಆಜ್ಞೆಯೊಂದಿಗೇ ಸೂರಃ ಅಲ್ ಮಾಇದಾ ಆರಂಭವಾಗುತ್ತದೆ. ಸಹಿ ಹಾಕಿದ ಕಾಗದವನ್ನು ಓದಿರಲಿಲ್ಲ ಎಂಬ ನೆಪ ಅಲ್ಲಾಹನ ಮುಂದೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂದು ಪ್ರತಿಯೊಬ್ಬರೂ ಯೋಚಿಸಬೇಕು.

ಸಹೀಹ್ ಬುಖಾರಿಯಲ್ಲಿ ನುಅ್‌ಮಾನ್ ಬಿನ್ ಬಶೀರ್(ರ)ರಿಂದ ವರದಿಯಾದ ಹಡಗಿನ ಉಪಮೆಯನ್ನು ನಾವೆಲ್ಲ ಮಿಂಬರ್‌ಗಳಿಂದ ಕೇಳಿದ್ದೇವೆ. ಕೆಲವರಿಗೆ ಮೇಲಿನ ಅಂತಸ್ತು, ಕೆಲವರಿಗೆ ಕೆಳಗಿನದು. ಕೆಳಗಿನವರು ನೀರಿಗಾಗಿ ಮೇಲಿನವರನ್ನು ಹಾದುಹೋಗಬೇಕು. ನಮ್ಮ ಪಾಲಿನ ಜಾಗದಲ್ಲೇ ಒಂದು ರಂಧ್ರ ಕೊರೆದುಕೊಂಡರೆ ಮೇಲಿನವರಿಗೆ ತೊಂದರೆ ಕೊಡಬೇಕಿಲ್ಲವಲ್ಲ ಎಂದು ಅವರು ಯೋಚಿಸುತ್ತಾರೆ. ಅವರನ್ನು ಹಾಗೆಯೇ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಗಮನಿಸಬೇಕಾದ ಅಂಶವೆಂದರೆ, ಕೊರೆಯ ಹೊರಟವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಅವರು ತಮ್ಮ ಪಾಲಿನಲ್ಲೇ ಕೊರೆಯಲಿದ್ದರು, ಅದೂ ಇತರರಿಗೆ ಕಿರುಕುಳವಾಗದಿರಲೆಂದು. ನನ್ನ ಮನೆ, ನನ್ನ ಇಷ್ಟ ಎಂಬ ವಾದಕ್ಕೆ ಪ್ರವಾದಿ(ಸ)ರು ಹದಿನಾಲ್ಕು ಶತಮಾನಗಳ ಹಿಂದೆಯೇ ಉತ್ತರಿಸಿದ್ದಾರೆ.

ಕೊಳವೆ ಬಾವಿ ಕೊರೆಯುತ್ತಲೇ ಬೆಳೆದ ಬೆಂಗಳೂರಿಗೆ ಈ ಉಪಮೆ ಅಕ್ಷರಶಃ ಹೊಂದುತ್ತದೆ ಎನಿಸಿದರೆ ತಪ್ಪಿಲ್ಲ. 2024ರ ಬೇಸಿಗೆಯಲ್ಲಿ ಬಾವಿಗಳು ಬತ್ತಿದಾಗ, ಕುಡಿಯುವ ನೀರಿನಿಂದ ಕಾರು ತೊಳೆಯುವವರಿಗೆ ಜಲಮಂಡಳಿ 5000 ರೂಪಾಯಿ ದಂಡ ಘೋಷಿಸಿತು. ಅನೇಕ ಕಟ್ಟಡಗಳಲ್ಲಿ ಸಂಘಗಳೇ ಗಂಟೆ ನಿಗದಿ ಮಾಡಿ ನೀರು ಬಿಟ್ಟವು. ಒಬ್ಬೊಬ್ಬರೂ ತಮ್ಮ ತಮ್ಮ ಟ್ಯಾಂಕರ್ ತರಿಸಿಕೊಳ್ಳಲಿ ಎಂದಿದ್ದರೆ ಬಾಡಿಗೆಗಿರುವ ಬಡ ಕುಟುಂಬಗಳ ಗತಿ ಏನಾಗುತ್ತಿತ್ತು? ಹರಿಯುವ ನದಿಯ ದಡದಲ್ಲಿ ಕುಳಿತು ವುಝೂ ಮಾಡಿದರೂ ನೀರು ಪೋಲು ಮಾಡಬಾರದೆಂದು ಕಲಿತವರು ಇಂತಹ ನಿಯಮಕ್ಕೆ ಗೊಣಗಬಾರದಿತ್ತು. ಆದರೂ ಗೊಣಗಿದೆವು.

ಇನ್ನೊಂದು ನಿಯಮದ ಮುಂದೆ ನಾನೇ ಎಡವಿದ್ದೆ. ಕೆಲವು ವರ್ಷಗಳ ಹಿಂದೆ ಬಕ್ರೀದ್‌ಗೆ ಹದಿನೈದು ದಿನಗಳಿರುವಾಗ ನಮ್ಮ ಕಟ್ಟಡದ ಲಿಫ್ಟ್ ಪಕ್ಕದಲ್ಲಿ ಸೂಚನೆಯೊಂದನ್ನು ಅಂಟಿಸಲಾಯಿತು. ಮುಸ್ಲಿಮ್ ನಿವಾಸಿಗಳು ಪಾರ್ಕಿಂಗ್ ಜಾಗದಲ್ಲಿ ಆಡು ಕುರಿಗಳನ್ನು ಕಟ್ಟಬಾರದು, ಕುರ್ಬಾನಿ ನೀಡಬಾರದು ಎಂದು ಅದರಲ್ಲಿತ್ತು. ಇಲ್ಲಿರುವ ಮುಸ್ಲಿಮ್ ಕುಟುಂಬಗಳು ಐದು. ಇದು ಧರ್ಮದ ಮೇಲಿನ ದಾಳಿ ಎಂದು ಕೆರಳಿದವರಲ್ಲಿ ನಾನೂ ಒಬ್ಬ. ಮಗ್ರಿಬ್ ನಂತರ ಸೇರಿದಾಗ ನಮ್ಮಲ್ಲಿನ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು. ಕಳೆದ ವರ್ಷದ ರಕ್ತ ಎಲ್ಲಿಗೆ ಹರಿದು ಹೋಯಿತು? ನಮಗಾರಿಗೂ ತಿಳಿದಿರಲಿಲ್ಲ. ನೆಲಮಾಳಿಗೆಯ ಚರಂಡಿಯಿಂದ ಅದು ಕೊಳಚೆ ಶುದ್ಧೀಕರಣ ಘಟಕಕ್ಕೆ ಹೋಗಿತ್ತು. ನೆಲ ಅಂತಸ್ತಿನ ವೃದ್ಧ ದಂಪತಿಗಳು ಮೂರು ದಿನ ಕಿಟಕಿ ಮುಚ್ಚಿಕೊಂಡಿದ್ದರು, ಒಂದು ಮಾತೂ ಆಡಿರಲಿಲ್ಲ. ನೆರೆಯವನಿಗೆ ತನ್ನ ಕಿರುಕುಳದಿಂದ ರಕ್ಷಣೆ ಇಲ್ಲದವನ ವಿಶ್ವಾಸದ ಬಗ್ಗೆ ಪ್ರವಾದಿ(ಸ)ರು ಮೂರು ಬಾರಿ ಅಲ್ಲಾಹನಾಣೆ ಹಾಕಿ ಹೇಳಿದ ಎಚ್ಚರಿಕೆ ನನಗೆ ಆಗ ನೆನಪಾಯಿತು. ಆ ವರ್ಷದಿಂದ ನಮ್ಮ ಕುರ್ಬಾನಿ ಅದಕ್ಕಾಗಿಯೇ ಇರುವ ಸ್ಥಳದಲ್ಲಿ ನಡೆಯುತ್ತಿದೆ.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಹಿರಿಯರು ನಮ್ಮನ್ನು ಕರೆದುಕೊಂಡು ಕಾರ್ಯದರ್ಶಿಯ ಬಳಿಗೆ ಹೋಗಿ, ನಿಯಮವನ್ನು ಒಪ್ಪುತ್ತೇವೆ, ಅದರ ಮೊದಲ ಎರಡು ಪದಗಳನ್ನು ಒಪ್ಪುವುದಿಲ್ಲ ಎಂದರು. ಯಾರೇ ಆಗಲಿ, ಯಾವ ಹಬ್ಬವೇ ಆಗಲಿ, ಪಾರ್ಕಿಂಗ್ ಜಾಗದಲ್ಲಿ ಪ್ರಾಣಿವಧೆ ಕೂಡದು ಎಂದು ಬರೆಯಿರಿ ಎಂದರು. ಕಾರ್ಯದರ್ಶಿ ಸ್ವಲ್ಪ ಮುಜುಗರಪಟ್ಟರು, ಮರುದಿನ ಬದಲಾಯಿಸಿದರು.

ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದ ತಿರುಳು ಈ ಎರಡು ಪದಗಳಲ್ಲಿದೆ. ಹಾನಿಯನ್ನು ತಡೆಯುವ ನಿಯಮ ಬೇರೆ, ಮನುಷ್ಯನನ್ನು ತಡೆಯುವ ನಿಯಮ ಬೇರೆ. ಎರಡನೆಯದು ನಮ್ಮ ದೇಶದಲ್ಲಿ ಎಷ್ಟು ಸುಲಭ ಎಂಬುದು ಬಾಡಿಗೆ ಮನೆ ಹುಡುಕಿದ ಪ್ರತಿಯೊಬ್ಬ ಮುಸ್ಲಿಮನಿಗೂ ಗೊತ್ತು. 2006ರ ಸಾಚಾರ್ ವರದಿಯೂ ಇದನ್ನು ದಾಖಲಿಸಿದೆ. ಅಹ್ಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗೆ ಮಾತ್ರ ಮೀಸಲಿಟ್ಟಿದ್ದ ಉಪವಿಧಿಯನ್ನು 2005ರಲ್ಲಿ ಸುಪ್ರೀಮ್ ಕೋರ್ಟ್ ಎತ್ತಿಹಿಡಿಯಿತು. ತೀರಾ ಚಿಕ್ಕ ಸಮುದಾಯವೊಂದರ ಆತಂಕ ಅರ್ಥವಾಗುವಂಥದ್ದು. ಆದರೆ ಅದೇ ತತ್ವ ಬಹುಸಂಖ್ಯಾತರ ಕೈಗೆ ಸಿಕ್ಕರೆ ನಗರದ ಅರ್ಧ ಬಾಗಿಲುಗಳು ಮುಚ್ಚುತ್ತವೆ. ಅಮೆರಿಕದಲ್ಲಿ ಕರಿಯರಿಗೆ ಮನೆ ಮಾರಬಾರದೆಂದು ನೆರೆಯವರೇ ಸೇರಿ ಬರೆದುಕೊಳ್ಳುತ್ತಿದ್ದ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಮ್ ಕೋರ್ಟ್ 1948ರಲ್ಲೇ ಹೇಳಿತು. 1968ರಲ್ಲಿ ವಸತಿಯಲ್ಲಿನ ತಾರತಮ್ಯದ ವಿರುದ್ಧ ಅಲ್ಲಿ ಕಾನೂನೇ ಬಂತು.

ಕರಾರು ಎಂದ ಮಾತ್ರಕ್ಕೆ ಎಲ್ಲವೂ ಪವಿತ್ರವಲ್ಲ. ಗುಲಾಮಳಾಗಿದ್ದ ಬರೀರಾ(ರ)ರ ಬಿಡುಗಡೆಗೆ ಒಡೆಯರು ಅನ್ಯಾಯದ ಷರತ್ತು ಹಾಕಿದಾಗ, ಅಲ್ಲಾಹನ ವಿಧಿಗೆ ವಿರುದ್ಧವಾದ ಷರತ್ತುಗಳು ನೂರಿದ್ದರೂ ಅಸಿಂಧು ಎಂದು ಪ್ರವಾದಿ(ಸ)ರು ಸಾರಿದರು. ಹಾಗೆಯೇ, ನೆರೆಯವನು ತನ್ನ ಗೋಡೆಗೆ ಮರದ ತೊಲೆ ಊರಲು ಬಂದರೆ ತಡೆಯಬಾರದು ಎಂಬ ಹದೀಸ್ ಇದೆ. ಇದನ್ನು ಇಮಾಮ್ ಅಹ್ಮದ್ ಕಡ್ಡಾಯವೆಂದರು, ಇಮಾಮ್ ಅಬೂ ಹನೀಫಾ ಮತ್ತು ಇಮಾಮ್ ಮಾಲಿಕ್ ಅಪೇಕ್ಷಣೀಯವೆಂದರು. ಈ ಹದೀಸನ್ನು ಕೇಳಿ ಮುಖ ತಿರುಗಿಸಿದವರನ್ನು ಅಬೂ ಹುರೈರಾ(ರ) ಗದರಿಸಿದ್ದರು. ಗೋಡೆ ನನ್ನದೇ ಆದರೂ ಸ್ವಲ್ಪ ಸಡಿಲ ಬಿಡು ಎಂಬ ಈ ಉದಾರತೆ ನಿಯಮ ಬರೆಯುವ ಸಮಿತಿಗಳಿಗೆ ಬರಬೇಕಾದರೆ, ಅದನ್ನು ಅಲ್ಲಿಗೆ ಒಯ್ಯುವವರಾದರೂ ಇರಬೇಕು.

ನಾವು ಅಲ್ಲಿಗೆ ಹೋಗುವುದಿಲ್ಲ. ನಮ್ಮವರು ನಿರ್ವಹಣಾ ಶುಲ್ಕ ಕಟ್ಟುತ್ತಾರೆ, ವಾರ್ಷಿಕ ಸಭೆಗೆ ಬರುವುದಿಲ್ಲ, ನಿಯಮ ಬಂದಾಗ ದೂರುತ್ತಾರೆ. ಮಹಿಳೆಯರಂತೂ ಒಬ್ಬರೂ ಬರುವುದಿಲ್ಲ. ಮಕ್ಕಳ ಆಟದ ಹೊತ್ತು, ಕಸದ ಹೊತ್ತು, ನೀರಿನ ಹೊತ್ತು ಎಲ್ಲವೂ ಅವರ ದಿನಚರಿಗೇ ಸಂಬಂಧಿಸಿದ್ದರೂ. ಇನ್ನು ನಾವೇ ಬಹುಸಂಖ್ಯಾತರಾಗಿರುವ ಕಟ್ಟಡಗಳ ನಿಯಮಗಳು ಬೇರೆಯಾಗಿವೆಯೇ ಎಂದು ಕೇಳಿದರೆ ಉತ್ತರಿಸಲು ಕಷ್ಟವಾಗುತ್ತದೆ. ನಮ್ಮವರಿಗೆ ಮಾತ್ರ ಎಂಬ ಜಾಹೀರಾತುಗಳನ್ನು ನಾನು ಕಂಡಿದ್ದೇನೆ.

ನಮ್ಮ ಕಟ್ಟಡದ ಮುಂದಿನ ಸಭೆಯ ವಿಷಯಪಟ್ಟಿ ಬಂದಿದೆ. ನಾಲ್ಕನೆಯ ವಿಷಯ, ಮನೆಗೆಲಸದವರು ಸರಕು ಲಿಫ್ಟ್‌ನಲ್ಲಿ ಮಾತ್ರ ಓಡಾಡಬೇಕೆಂಬ ಪ್ರಸ್ತಾವ. ಅದನ್ನು ಬೆಂಬಲಿಸಿ ಸಹಿ ಹಾಕಿದವರಲ್ಲಿ ನಮ್ಮ ಐದು ಕುಟುಂಬಗಳ ಪೈಕಿ ಎರಡರ ಹೆಸರಿದೆ. ಸಭೆಗೆ ಮುನ್ನ ಆ ಎರಡು ಮನೆಗಳಿಗೆ ಹೋಗಿ ಬರಬೇಕಾಗಿದೆ.