ಪದಪಟ್ಟಿಗೆ ಮನೆಯೊಳಗೇ ಜಾಗ ಕೊಡಿ

ಕನ್ನಡ, ಮರಾಠಿ ಶಾಲೆಗಳ ಹಳೆಯ ಕಂಪ್ಯೂಟರುಗಳಿಗೆ ಹಾಕಿಕೊಡಲೆಂದು ಪುಣೆಯಲ್ಲಿ ನಾವು ಕೆಲವರು ಲಿಬ್ರೆಆಫೀಸನ್ನು ಮೂಲ ಕೋಡ್‌ನಿಂದಲೇ ಬಿಲ್ಡ್ ಮಾಡುತ್ತಿದ್ದೇವೆ. ಕಾಗುಣಿತ ತಪಾಸಣೆಗೆ ಹೊರಗಿನವರು ಸಿದ್ಧಪಡಿಸಿರುವ ಎಕ್ಸ್‌ಟೆನ್ಶನ್‌ಗಳನ್ನೂ ಆ ಬಿಲ್ಡ್‌ನೊಳಗೇ ಸೇರಿಸೋಣ ಎಂದು ನಾನು ಕೇಳಿದೆ. ಗೆಳೆಯರು ಐದು ಆಕ್ಷೇಪ ಎತ್ತಿದ್ದಾರೆ. ಒಂದೊಂದಕ್ಕೂ ಉತ್ತರ ಕೊಡಬೇಕಾದದ್ದು ನನ್ನ ಹೊಣೆ.

1. ‘ಬೇಕಾದವರು ಇಳಿಸಿಕೊಳ್ಳಲಿ.’ ನನ್ನ ಪರಿಚಯದ ನಿವೃತ್ತ ಮೇಷ್ಟರೊಬ್ಬರು ಸ್ಮರಣ ಸಂಚಿಕೆಗೆ ಲೇಖನ ಟೈಪ್ ಮಾಡಿದರು. ಎಲ್ಲೂ ಕೆಂಪು ಗೆರೆ ಬೀಳಲಿಲ್ಲ. ತಪ್ಪಿಲ್ಲವೆಂದು ನಂಬಿ ಕಳಿಸಿಬಿಟ್ಟರು. ‘ಅಧ್ಯಕ್ಷ’ ಎಂಬುದು ‘ಅದ್ಯಕ್ಷ’ ಆಗಿಯೇ ಅಚ್ಚಾಯಿತು. ಆ ಕಂಪ್ಯೂಟರಿನಲ್ಲಿ ಕನ್ನಡದ ಪದಪಟ್ಟಿಯೇ ಇರಲಿಲ್ಲ. ಇಲ್ಲವೆಂಬುದೇ ಗೊತ್ತಿಲ್ಲದವರು ಏನನ್ನು ಹುಡುಕಿ ಇಳಿಸಿಕೊಳ್ಳಬೇಕು?

2. ‘ಬಿಲ್ಡ್ ಭಾರವಾಗುತ್ತದೆ.’ ಇಂಥ ಎಕ್ಸ್‌ಟೆನ್ಶನ್ ಒಂದು ಜಿಪ್ ಕಡತ, ಅಷ್ಟೇ. ಬಿಚ್ಚಿ ನೋಡಿ: ಪದಗಳದ್ದೊಂದು ಕಡತ, ಪ್ರತ್ಯಯಗಳ ನಿಯಮಗಳದ್ದೊಂದು, ಜೊತೆಗೆ ನಾಲ್ಕಾರು ಪುಟ್ಟ ಎಕ್ಸ್‌ಎಂಎಲ್ ಕಡತಗಳು. ಮನೆಯ, ಮನೆಗೆ, ಮನೆಯಿಂದ, ಮನೆಗಳಲ್ಲೂ ಎಂದು ಎಲ್ಲ ರೂಪಗಳನ್ನೂ ಬರೆದಿಡಬೇಕಿಲ್ಲ. ‘ಮನೆ’ ಒಂದಿದ್ದರೆ ಉಳಿದದ್ದನ್ನು ನಿಯಮಗಳು ನೋಡಿಕೊಳ್ಳುತ್ತವೆ. ಈ ಕಡತಗಳನ್ನು ಓದಿ ಕಾಗುಣಿತ ತಪಾಸಿಸುವ ಹನ್‌ಸ್ಪೆಲ್ ತಂತ್ರಾಂಶ ಹುಟ್ಟಿದ್ದೇ ಪ್ರತ್ಯಯಗಳು ಹೇರಳವಾಗಿರುವ ಹಂಗೇರಿಯನ್ ಭಾಷೆಗಾಗಿ. ಕಂಪೈಲ್ ಆಗಲು ಗಂಟೆಗಟ್ಟಲೆ ಹಿಡಿಯುವುದು ಸಿ++ ಕೋಡ್. ಪದಪಟ್ಟಿಯಲ್ಲಿ ಕಂಪೈಲ್ ಮಾಡುವಂಥದ್ದೇ ಇಲ್ಲ. ಬೇಡದವರಿಗೆ ಕಾನ್ಫಿಗರ್ ಹಂತದಲ್ಲೇ ಕೈಬಿಡುವ ಆಯ್ಕೆಯೂ ಇದೆ.

3. ‘ಎಕ್ಸ್‌ಜೆಡ್‌ಗೆ ಆದದ್ದು ಮರೆತಿರಾ?’ ಮರೆತಿಲ್ಲ. ಇದು ಐದರಲ್ಲೂ ಗಟ್ಟಿ ಆಕ್ಷೇಪ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲಿದೆ ಎಂದು 2024ರ ಮಾರ್ಚ್ 29ರಂದು ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬಯಲಿಗೆಳೆದರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದ್ದುದೇ ಅವರಿಗೆ ಸಿಕ್ಕ ಸುಳಿವು. ಕೆಟ್ಟ ಕೋಡ್ ಪರೀಕ್ಷಾ ಕಡತಗಳಲ್ಲಿ ಅಡಗಿತ್ತು. ಅದನ್ನು ಎಬ್ಬಿಸುವ ಸ್ಕ್ರಿಪ್ಟ್ ಬಿಡುಗಡೆಯ ಟಾರ್‌ಬಾಲ್‌ನಲ್ಲಿತ್ತೇ ಹೊರತು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ಚೆಕ್‌ಸಮ್ ಹೊಂದಿದರೆ ಸಾಕು ಎಂದು ನಾನೂ ಹೇಳುವುದಿಲ್ಲ: ಕಡತ ಬದಲಾಗಿಲ್ಲ ಎಂದಷ್ಟೇ ಅದು ಹೇಳುತ್ತದೆ, ಒಳ್ಳೆಯದೆಂದಲ್ಲ. ಹಾಗಾಗಿ ಗಿಟ್‌ನಿಂದಲೇ ತೆಗೆದುಕೊಳ್ಳೋಣ, ಕಮಿಟ್ ಗೊತ್ತುಮಾಡೋಣ, ಬಂದ ಬದಲಾವಣೆಯನ್ನು ಓದಿಯೇ ಒಪ್ಪೋಣ. ಸದ್ಯಕ್ಕೆ ಪದ ಮತ್ತು ನಿಯಮಗಳ ಕಡತಗಳು ಮಾತ್ರ ಸಾಕು. ಪ್ರೋಗ್ರಾಮ್ ಓಡಿಸುವ ಎಕ್ಸ್‌ಟೆನ್ಶನ್‌ಗಳು ಬೇಡ. ನೂರು ಶಾಲೆಗಳವರು ನೂರು ಕಡೆಯಿಂದ ಇಳಿಸಿಕೊಂಡರೆ ಇಷ್ಟೆಲ್ಲ ನೋಡುವವರು ಯಾರು?

4. ‘ಲೈಸೆನ್ಸ್ ತೊಡಕು.’ ಲಿಬ್ರೆಆಫೀಸ್ ತನ್ನ ಪದಪಟ್ಟಿಗಳನ್ನು ಪ್ರತ್ಯೇಕ ಭಂಡಾರದಲ್ಲಿ ಇಟ್ಟಿದೆ. ಪ್ರತಿ ಭಾಷೆಯ ಪಟ್ಟಿಗೂ ಅದರದೇ ಲೈಸೆನ್ಸ್. ನಾವೂ ಹಾಗೆಯೇ ಇಡಬಹುದು. ಇನ್ನು, ಲೈಸೆನ್ಸ್ ಎಂಬುದು ಶಿಲಾಶಾಸನವೂ ಅಲ್ಲ. ಇದೇ ಪುಣೆಯ ರೆಡ್ ಹ್ಯಾಟ್ ಕಚೇರಿಯ ಎಂಜಿನಿಯರುಗಳು ನೋಡಿಕೊಂಡ ಲೋಹಿತ್ ಫಾಂಟ್‌ಗಳು, ಲೋಹಿತ್ ಕನ್ನಡವೂ ಸೇರಿ, ಮೊದಲು ಜಿಪಿಎಲ್ ಅಡಿಯಲ್ಲಿದ್ದವು. 2011ರಲ್ಲಿ ಓಪನ್ ಫಾಂಟ್ ಲೈಸೆನ್ಸ್‌ಗೆ ಬಂದವು. ತೊಡಕಿದ್ದರೆ ಪದಪಟ್ಟಿ ಮಾಡಿದವರಿಗೆ ಪತ್ರ ಬರೆದು ಕೇಳೋಣ.

5. ‘ಮಾಡಿದವರು ಕೈಬಿಟ್ಟರೆ?’ 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಕೋಡನ್ನು ಬರೆದವರೇ ಹಿಂತೆಗೆದುಕೊಂಡಾಗ ಎಷ್ಟೋ ಬಿಲ್ಡ್‌ಗಳು ನಿಂತವು. ಅವು ಪ್ರತಿ ಸಲವೂ ಅದನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದ್ದವು. ನಮ್ಮಲ್ಲೇ ಒಂದು ಪ್ರತಿ ಇದ್ದರೆ ಆ ಭಯವಿಲ್ಲ. ಹೊರಗುಳಿದ ಎಕ್ಸ್‌ಟೆನ್ಶನ್ ಕೆಟ್ಟರೆ ಯಾರಿಗೂ ಸುದ್ದಿ ಮುಟ್ಟುವುದಿಲ್ಲ. ಬಿಲ್ಡ್‌ನೊಳಗಿದ್ದದ್ದು ಕೆಟ್ಟರೆ ಅಂದೇ ಗೊತ್ತಾಗುತ್ತದೆ. ಪ್ರತಿ ಭಾಷೆಗೂ ಒಬ್ಬರು ಹೊಣೆ ಹೊರಬೇಕೆಂಬ ನಿಮ್ಮ ಷರತ್ತು ನ್ಯಾಯವಾದದ್ದೇ. ಕನ್ನಡದ್ದು ನನಗಿರಲಿ.

ನನ್ನದೂ ಒಂದು ಷರತ್ತು. ಪ್ರತಿ ಬಿಲ್ಡ್‌ನ ಕೊನೆಗೆ ಒಂದು ಪರೀಕ್ಷೆ ಓಡಲಿ: ‘ಅಧ್ಯಕ್ಷ’ ಪಾಸಾಗಬೇಕು, ‘ಅದ್ಯಕ್ಷ’ ಸಿಕ್ಕಿಬೀಳಬೇಕು. ಸಿಕ್ಕಿಬೀಳದಿದ್ದರೆ ಬಿಲ್ಡ್ ಅಲ್ಲೇ ನಿಲ್ಲಲಿ. ಸರಿಪಡಿಸಿದ ಮೇಲೆಯೇ ಶಾಲೆಗೆ ಹೋಗಲಿ.