ಮನೆಯ ಯಂತ್ರವಿಚಾರ: ಒಂದೇ ತಂತಿಯಲ್ಲಿ ಅಂತರಜಾಲವೂ ಫ್ಯಾಕ್ಸೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಒಂದು ಸಣ್ಣ ಊರಿನಲ್ಲಿ ಮಗನ ಮನೆಯಲ್ಲಿ ವಾಸವಾಗಿರುವ ನಮ್ಮ ವಾಚಕ ಮಹಾಶಯರೊಬ್ಬರು ಈ ತಿಂಗಳು ನಮಗೆ ಕಾಗದ ಬರೆದಿದ್ದಾರೆ. ಅವರ ಧರ್ಮಪತ್ನಿಯವರಿಗೆ ಹೃದ್ರೋಗ. ಹಿಂದಿನ ವೈದ್ಯರು ಕೊಟ್ಟ ಪರೀಕ್ಷಾಪತ್ರಗಳು ಆರು ಪುಟ. ಅವು ಕೈಸೇರಿದ ಹೊರತು ನೋಡುವ ದಿನವನ್ನು ಗೊತ್ತುಮಾಡುವುದಿಲ್ಲವೆಂದು ಹೊಸ ವೈದ್ಯಶಾಲೆಯವರ ಮಾತು. ಅವರು ಕೇಳುವುದು ಫ್ಯಾಕ್ಸನ್ನೇ. ಮನೆಯ ಟೆಲಿಫೋನು ತಂತಿಯಲ್ಲಿಯೇ ಡಿಎಸ್‌ಎಲ್ ಅಂತರಜಾಲವೂ ಬರುತ್ತಿದೆ. ಕಂಪ್ಯೂಟರಿನಿಂದ ಕಳುಹಿಸಹೊರಟರೆ ಒಮ್ಮೆ ಎರಡನೆಯ ಪುಟದಲ್ಲಿ, ಇನ್ನೊಮ್ಮೆ ನಾಲ್ಕನೆಯ ಪುಟದಲ್ಲಿ ಸಂಪರ್ಕವು ಕಡಿದುಹೋಗುವುದಂತೆ. ಅಂತರಜಾಲವು ಚೆನ್ನಾಗಿಯೇ ನಡೆಯುತ್ತಿರುವಾಗ ತಂತಿಯಲ್ಲಿ ದೋಷವಿರಲು ಹೇಗೆ ಸಾಧ್ಯವೆಂದು ಕೇಳಿದ್ದಾರೆ.

ಈ ಹಳೆಯ ಪದ್ಧತಿ ಇನ್ನೂ ಉಂಟೇ ಎಂದು ನಮ್ಮ ವಾಚಕರಲ್ಲಿ ಕೆಲವರು ನಗಬಹುದು. ಆ ದೇಶದ ವೈದ್ಯಶಾಲೆಗಳಲ್ಲಿಯೂ ಔಷಧದಂಗಡಿಗಳಲ್ಲಿಯೂ ಅದು ಇಂದಿಗೂ ನಿತ್ಯವ್ಯವಹಾರವಾಗಿದೆ. ಹಳೆಯದೆಂಬುದೇನೋ ದಿಟ, ಟೆಲಿಫೋನಿಗೆ ಪೇಟೆಂಟು ದೊರೆತದ್ದು 1876ರಲ್ಲಿ, ತಂತಿಯ ಮೂಲಕ ಬರಹದ ಪ್ರತಿಯನ್ನು ಕಳುಹಿಸುವ ವಿದ್ಯೆಗೆ ಅಲೆಗ್ಸಾಂಡರ್ ಬೇನ್ ಪೇಟೆಂಟು ಪಡೆದದ್ದು 1843ರಲ್ಲಿ. ತಮ್ಮನ ತಂತಿಯಲ್ಲಿ ಅಣ್ಣನು ಸಂಚರಿಸುತ್ತಿದ್ದಾನೆ.

ಮೊದಲು ತಂತಿಯ ಸ್ವರೂಪವನ್ನು ತಿಳಿಯತಕ್ಕದ್ದು. ಟೆಲಿಫೋನಿನ ಮಾತು ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳ ಎಲ್ಲೆಯೊಳಗೆ ಅಡಗಿರುವುದು. ಫ್ಯಾಕ್ಸೂ ಒಂದು ಬಗೆಯ ಮಾತೇ. ಕಾಗದದ ಕಪ್ಪುಬಿಳುಪುಗಳನ್ನು ಫ್ಯಾಕ್ಸ್ ಮೋಡೆಮ್ಮು ಧ್ವನಿಯನ್ನಾಗಿ ಮಾರ್ಪಡಿಸಿ ಅದೇ ಎಲ್ಲೆಯೊಳಗೆ ಸಾಗಿಸುವುದು. ಡಿಎಸ್‌ಎಲ್ಲಿನ ಸಂಚಾರವಾದರೋ ಸುಮಾರು 25,000 ಕಂಪನಗಳಿಂದ ಮೇಲಕ್ಕೆ, ಹತ್ತು ಲಕ್ಷವನ್ನೂ ಮೀರಿ. ಒಂದೇ ಮನೆಯ ಕೆಳಗಿನ ಅಂತಸ್ತಿನಲ್ಲಿ ಒಬ್ಬರು, ಮೇಲಿನ ಅಂತಸ್ತಿನಲ್ಲಿ ಮತ್ತೊಬ್ಬರು ಬಿಡಾರ ಮಾಡಿರುವಂತೆ. ಮೇಲಿನವರ ಸದ್ದು ಕೆಳಗಿನವರಿಗೆ ಕೇಳದಂತೆ ತಡೆಯುವುದೇ ಫಿಲ್ಟರೆಂಬ ಸಣ್ಣ ಡಬ್ಬಿಯ ಕೆಲಸ. ಡಿಎಸ್‌ಎಲ್ಲಿನ ಪೆಟ್ಟಿಗೆಗೂ ಮೋಡೆಮ್ಮೆಂಬ ಹೆಸರೇ ಇರುವುದರಿಂದ ಫ್ಯಾಕ್ಸನ್ನೂ ಅದೇ ಕಳುಹಿಸುವುದೆಂದು ಬಹಳ ಮಂದಿ ಭಾವಿಸುವರು. ಅದಕ್ಕೂ ಫ್ಯಾಕ್ಸಿಗೂ ಸಂಬಂಧವಿಲ್ಲ. ಕಂಪ್ಯೂಟರಿನ ಒಳಗೋ ಯುಎಸ್‌ಬಿ ಮೂಲಕ ಹೊರಗೋ ಬೇರೆ ಫ್ಯಾಕ್ಸ್ ಮೋಡೆಮ್ಮು ಇದ್ದು, ಅದರಿಂದ ಗೋಡೆಯ ಸಾಕೆಟ್ಟಿಗೆ ಟೆಲಿಫೋನು ತಂತಿ ಹೋಗಿರಬೇಕು.

ಇನ್ನು ಪರೀಕ್ಷೆ. ತರ್ಕಶಾಸ್ತ್ರದಲ್ಲಿ ಅನ್ವಯವ್ಯತಿರೇಕವೆಂದು ಹೇಳುವರಷ್ಟೆ. ಒಂದು ಇದ್ದಾಗ ಮತ್ತೊಂದು ಇರುವುದು, ಅದು ಇಲ್ಲದಾಗ ಇದೂ ಇಲ್ಲದಿರುವುದು. ವಾಚಕ ಮಹಾಶಯರು ಇದನ್ನೇ ಮಾಡಿ ನೋಡಬೇಕು. ಡಿಎಸ್‌ಎಲ್ ಪೆಟ್ಟಿಗೆಯ ವಿದ್ಯುತ್ತನ್ನು ನಿಲ್ಲಿಸಿ, ಅದರ ತಂತಿಯನ್ನು ಗೋಡೆಯಿಂದಲೂ ಕಳಚಿ, ಬಳಿಕ ಫ್ಯಾಕ್ಸನ್ನು ಕಳುಹಿಸತಕ್ಕದ್ದು. ಆರು ಪುಟಗಳೂ ನಿರಾತಂಕವಾಗಿ ಹೋದರೆ, ಎರಡು ಮೂರು ಸಲ ಹಾಗೆಯೇ ಹೋದರೆ, ದೋಷವು ಡಿಎಸ್‌ಎಲ್ಲಿನ ಸದ್ದಿನದು, ಎಂದರೆ ಫಿಲ್ಟರಿನದು. ಒಂದು ಸಲದ ಜಯವನ್ನು ನಂಬಲಾಗದು.

ಫಿಲ್ಟರಿನ ವಿಷಯದಲ್ಲಿ ನಡೆಯುವ ತಪ್ಪುಗಳು ವಿಚಿತ್ರವಾಗಿರುವುವು. ಅದು ಸಾಕೆಟ್ಟಿಗೂ ಫ್ಯಾಕ್ಸ್ ಮೋಡೆಮ್ಮಿಗೂ ನಡುವೆ ಇರಬೇಕು. ಡಿಎಸ್‌ಎಲ್ ಪೆಟ್ಟಿಗೆಗೆ ಅದು ಕೂಡದು. ಆ ಪೆಟ್ಟಿಗೆಗೆ ಬೇಕಾದ ಕಂಪನಗಳನ್ನೇ ಅದು ತಡೆದುಬಿಡುವುದು. ಒಂದು ಫಿಲ್ಟರಿಗಿಂತ ಎರಡು ಲೇಸೆಂದು ಒಂದರ ಬಾಲಕ್ಕೆ ಒಂದನ್ನು ಕಟ್ಟುವವರುಂಟು. ಅದರಿಂದ ಧ್ವನಿಯೇ ಕುಗ್ಗುವುದು. ತಿರುಗುಮುರುಗಾಗಿ ಹಾಕುವುದೂ ಉಂಟು. ಗೋಡೆಯ ಕಡೆ ಯಾವುದು, ಟೆಲಿಫೋನಿನ ಕಡೆ ಯಾವುದು ಎಂದು ಡಬ್ಬಿಯ ಮೇಲೆಯೇ ಬರೆದಿರುವುದನ್ನು ಓದಬೇಕು. ಎಲ್ಲಕ್ಕಿಂತ ಮೋಸದ ಸಂಗತಿಯೆಂದರೆ ಬೇರೊಂದು ಕೋಣೆಯ ಟೆಲಿಫೋನಿಗೆ ಫಿಲ್ಟರಿಲ್ಲದಿರುವುದು. ಮಹಡಿಯ ಮೇಲೆ ಯಾರೂ ಮುಟ್ಟದ ಹಳೆಯ ಟೆಲಿಫೋನೊಂದು ಇಡೀ ಮನೆಯ ತಂತಿಯನ್ನು ಕೆಡಿಸಬಲ್ಲುದು.

ಡಿಎಸ್‌ಎಲ್ಲನ್ನು ಬಿಡಿಸಿದರೂ ಸಂಪರ್ಕ ಕಡಿಯುತ್ತಿದ್ದರೆ ಅಂತರಜಾಲವು ನಿರಪರಾಧಿ. ಆಗ ಟೆಲಿಫೋನನ್ನು ಎತ್ತಿ, ಒಂದು ಅಂಕಿಯನ್ನೊತ್ತಿ, ಆ ಮೌನದಲ್ಲಿ ಕಿವಿಗೊಡಬೇಕು. ಸರಸರ ಶಬ್ದವೋ ಚಟಪಟವೋ ಕೇಳಿದರೆ ತಂತಿಯ ಸಂದು ಕಿಲುಬು ಹಿಡಿದಿದೆ, ಇಲ್ಲವೆ ನೀರು ಕುಡಿದಿದೆ. ಮಹಾಶಯರ ಸಂದೇಹಕ್ಕೆ ಉತ್ತರವೂ ಇಲ್ಲಿಯೇ ಇದೆ: ಮಾತು ಸರಿಯಾಗಿ ಸಾಗದಷ್ಟು ಕೆಟ್ಟ ಸಂದಿನಲ್ಲಿಯೂ ಡಿಎಸ್‌ಎಲ್ ಹೇಗೋ ಕುಂಟುತ್ತ ನಡೆಯಬಲ್ಲುದು. ಮತ್ತೊಂದು ಕಾರಣ, ಫ್ಯಾಕ್ಸು ಹೋಗುತ್ತಿರುವಾಗ ಬೇರೊಬ್ಬರು ಕರೆದರೆ ಸೂಚನೆಗಾಗಿ ಬರುವ ಟುಂಕ್ ಎಂಬ ನಾದ. ಮಾತನಾಡುವವರಿಗೆ ಅದು ಕ್ಷಣದ ಅಡ್ಡಿ, ಫ್ಯಾಕ್ಸಿಗೆ ಮರಣ. ಅಮೆರಿಕೆಯಲ್ಲಿ ನಂಬರಿನ ಹಿಂದೆ ನಕ್ಷತ್ರಚಿಹ್ನೆ, 70, ಒಂದು ಅಲ್ಪವಿರಾಮ ಇಷ್ಟನ್ನು ಸೇರಿಸಿದರೆ ಆ ಕರೆಯ ಮಟ್ಟಿಗೆ ಈ ಉಪದ್ರವ ನಿಲ್ಲುವುದು.

ತಂತಿ ಶುದ್ಧವಾಗುವವರೆಗೆ ವೇಗವನ್ನು ಸೆಕೆಂಡಿಗೆ 14,400 ಬಿಟ್ಟುಗಳಿಂದ 9,600ಕ್ಕೋ 4,800ಕ್ಕೋ ಇಳಿಸುವುದು ಒಳ್ಳೆಯ ಉಪಾಯ. ತಂತ್ರಾಂಶದಲ್ಲಿ ಇದಕ್ಕೆ ಅವಕಾಶವಿದ್ದರೆ ತಪ್ಪದೆ ಮಾಡಬೇಕು. ಇದರ ಜೊತೆಗೆ ಇಸಿಎಂ ಎಂಬ ದೋಷಪರಿಹಾರವನ್ನು ತೆಗೆದುಹಾಕಿರೆಂದು ಹಲವರು ಬೋಧಿಸುವರು. ಅದನ್ನು ತೆಗೆದರೆ ಪುಟವೇನೋ ಕೊನೆಯವರೆಗೆ ಹೋದೀತು. ಆದರೆ ಕೆಟ್ಟ ಗೆರೆಗಳು ಕೆಟ್ಟಂತೆಯೇ ಅಚ್ಚಾಗುವುವು. ಮದುವೆಯ ಕರೆಯೋಲೆಗೆ ಇದು ಸಾಕು. ರೋಗಿಯ ರಕ್ತದೊತ್ತಡದ ಅಂಕಿಯೊಂದು ಅಳಿಸಿಹೋಗಿ, ಔಷಧದ ಪ್ರಮಾಣದ ಬಿಂದುವೊಂದು ಮಾಯವಾಗಿ ತಲುಪುವುದಕ್ಕಿಂತ ಆ ಕಾಗದವು ತಲುಪದಿರುವುದೇ ಮೇಲೆಂದು ನಮ್ಮ ಅಭಿಪ್ರಾಯ. ತಲುಪದಿದ್ದರೆ ಮತ್ತೆ ಕೇಳುವರು. ತಪ್ಪಾಗಿ ತಲುಪಿದರೆ ನಂಬುವರು.

ಪ್ರತಿ ಸಲವೂ ಒಂದೇ ಪುಟದಲ್ಲಿ ನಿಲ್ಲುತ್ತಿದ್ದರೆ ಆ ಪುಟವನ್ನೇ ನೋಡಬೇಕಾಗುತ್ತಿತ್ತು. ಬೂದುಬಣ್ಣದ ಚಿತ್ರವಿರುವ ಪುಟವು ಚುಕ್ಕೆಗಳ ರಾಶಿಯಾಗಿ, ಬರಹದ ಪುಟಕ್ಕಿಂತ ಹಲವು ಪಟ್ಟು ಹೊತ್ತು ತೆಗೆದುಕೊಳ್ಳುವುದು. ಕಪ್ಪುಬಿಳುಪಾಗಿಯೇ ಸ್ಕ್ಯಾನ್ ಮಾಡಿದರೆ ಹೊರೆ ಇಳಿಯುವುದು. ಫ್ಯಾಕ್ಸು ಆರಂಭವಾಗುವುದೇ ಇಲ್ಲವೆಂಬವರ ಪಾಡು ಬೇರೆ: ಅಗೀರ್ ಜಾತಿಯ ಕೆಲವು ಹಳೆಯ ಮೋಡೆಮ್ಮುಗಳ ಚಾಲಕ ತಂತ್ರಾಂಶವನ್ನು ಮೈಕ್ರೋಸಾಫ್ಟಿನವರು 2025ರ ಅಕ್ಟೋಬರಿನಲ್ಲಿ ವಿಂಡೋಸಿನಿಂದ ತೆಗೆದುಹಾಕಿದರು; ಅವನ್ನು ಬದಲಾಯಿಸದೆ ವಿಧಿಯಿಲ್ಲ. ಟೆಲಿಫೋನಿನ ತಂತಿ ಗೋಡೆಗೆ ಹೋಗದೆ ಅಂತರಜಾಲದ ಪೆಟ್ಟಿಗೆಯ ಬೆನ್ನಿಗೇ ಹೋಗಿದ್ದರೆ ಫಿಲ್ಟರಿನ ಚರ್ಚೆಯೇ ವ್ಯರ್ಥ. ಅಲ್ಲಿ ಧ್ವನಿಯು ತುಣುಕುತುಣುಕಾಗಿ ಅಂತರಜಾಲದಲ್ಲಿ ಹೋಗುವುದರಿಂದ, ಟಿ.38 ಎಂಬ ಫ್ಯಾಕ್ಸ್ ವಿಧಾನ ಉಂಟೇ ಎಂದು ಆ ಸೇವೆ ಕೊಡುವವರನ್ನು ಕೇಳತಕ್ಕದ್ದು.

ಕಳುಹಿಸಿತೆಂದು ಕಂಪ್ಯೂಟರು ತೋರಿಸುವ ವರದಿಗೆ ಅರ್ಥವಿಷ್ಟೆ: ಆ ತುದಿಯ ಯಂತ್ರವು ಪುಟಗಳನ್ನು ಸ್ವೀಕರಿಸಿತು. ಅದು ಯಾರ ಯಂತ್ರವೆಂದು ವರದಿಗೆ ಗೊತ್ತಿಲ್ಲ. ಹೆಂಡತಿಯ ರೋಗವಿವರಗಳು ಪರರ ಮನೆಯಲ್ಲಿ ಅಚ್ಚಾಗಬಾರದಷ್ಟೆ. ಆದುದರಿಂದ ನಂಬರನ್ನು ವೈದ್ಯಶಾಲೆಯವರ ಬಾಯಿಂದಲೇ ಇನ್ನೊಮ್ಮೆ ಕೇಳಿಕೊಂಡು, ಮೊದಲ ಹಾಳೆಯಲ್ಲಿ ಒಟ್ಟು ಪುಟಗಳ ಸಂಖ್ಯೆಯನ್ನು ಬರೆದು, ಕಳುಹಿಸಿದ ಬಳಿಕ ಎಷ್ಟು ಪುಟ ಬಂದುವೆಂದು ಟೆಲಿಫೋನಿನಲ್ಲಿ ವಿಚಾರಿಸಬೇಕು. ಪರೀಕ್ಷೆಯಲ್ಲಿ ದೋಷವು ಫಿಲ್ಟರಿನದೆಂದು ತಿಳಿದುಬಂದರೂ ಹೊಸ ಫಿಲ್ಟರು ಬರುವವರೆಗೆ ಕಾಯುವ ಅಗತ್ಯವಿಲ್ಲ. ಮನೆಯವರಿಗೆಲ್ಲ ಮುಂಚಿತವಾಗಿ ಹೇಳಿ, ಅರ್ಧ ಗಂಟೆಯ ಕಾಲ ಡಿಎಸ್‌ಎಲ್ ಪೆಟ್ಟಿಗೆಯನ್ನು ಗೋಡೆಯಿಂದ ಕಳಚಿಟ್ಟು, ಆ ಆರು ಪುಟಗಳನ್ನು ಇಂದೇ ಕಳುಹಿಸಿಬಿಡಬಹುದು.