ಸ್ಲೇಟಿಗಿಂತ ಮೊದಲು ಕನ್ನಡಕ

ವಯಸ್ಕರ ಅಕ್ಷರ ತರಗತಿಗೆ ಬಂದ ಹೆಂಗಸಿನ ಕೈ ದಿನವಿಡೀ ಕುಡುಗೋಲು ಹಿಡಿದದ್ದು; ಬಳಪ ಹಿಡಿದ ಕೂಡಲೇ ಬಿಗಿಯುತ್ತದೆ. ‘ಅ’ ಅಕ್ಷರದ ಸುತ್ತು ಮುಗಿಯುವಷ್ಟರಲ್ಲಿ ಬಳಪ ಎರಡು ತುಂಡು. ಪಕ್ಕದವರು ನಕ್ಕರೆ ಆಕೆ ಮರುದಿನ ಬರುವುದಿಲ್ಲ.

2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ 75.36, ಮಹಿಳೆಯರದು ಶೇ 68.08. ಓದು-ಬರಹ ಬಾರದ, ಹದಿನೈದು ವರ್ಷ ತುಂಬಿದವರಿಗಾಗಿ ಕೇಂದ್ರ ಸರ್ಕಾರ 2022–27ರ ಅವಧಿಗೆ ‘ಉಲ್ಲಾಸ್’ ಸಾಕ್ಷರತಾ ಕಾರ್ಯಕ್ರಮ ರೂಪಿಸಿದೆ. ಹೆಸರಿನಲ್ಲಿರುವ ಉಲ್ಲಾಸ ತರಗತಿಯೊಳಗೂ ಕಾಣಬೇಕು.

ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಕಣ್ಣಿನ ಮಸೂರ ಮೊದಲಿನಂತೆ ಬಾಗುವುದಿಲ್ಲ. ಇದು ಗೊತ್ತಿಲ್ಲದೆ, ‘ನನ್ನ ತಲಿಗೆ ಹತ್ತೂದಿಲ್ಲ ಬಿಡ್ರಿ ಅಕ್ಕೋರ’ ಎಂದು ಎದ್ದು ಹೋಗುವವರು ಎಷ್ಟೋ ಮಂದಿ. ತಪ್ಪು ತಲೆಯದಲ್ಲ, ಕಣ್ಣಿನದು. ಪಾಠ ಶುರುವಾಗುವ ಮೊದಲೇ ಕಣ್ಣಿನ ತಪಾಸಣೆ ಆಗಲೇಬೇಕು.

ಬ್ರೆಜಿಲ್‌ನ ಆಂಜಿಕೋಸ್‌ನಲ್ಲಿ 1963ರಲ್ಲಿ ಶಿಕ್ಷಣ ಚಿಂತಕ ಪಾಲೊ ಫ್ರೇರೆ ಸುಮಾರು 300 ಮಂದಿಗೆ 40 ಗಂಟೆಗಳ ಓದು-ಬರಹದ ಪಾಠ ರೂಪಿಸಿದರು. ಪದಗಳನ್ನು ಆಯ್ದದ್ದು ಕಲಿಯುವವರ ದಿನನಿತ್ಯದ ಬದುಕಿನಿಂದಲೇ. ನಮ್ಮಲ್ಲೂ ಹಾಗೆ ಆಯಬಹುದು: ಹೆಂಗಸರ ಬಾಯಲ್ಲಿ ಬೀಸುಕಲ್ಲಿನ ಹಾಡುಗಳಿವೆ, ಸೋಬಾನೆಯಿದೆ. ಮೊದಲ ಹತ್ತು ನಿಮಿಷ ಅವರೇ ಹಾಡಲಿ. ಹಾಡಿದ ‘ರಾಗಿ’, ‘ತವರು’ ಆಮೇಲೆ ಹಲಗೆಯ ಮೇಲೆ ಬರಲಿ. ಆಗ ಮೈ ಸಡಿಲವಾಗುತ್ತದೆ, ಬಿಗಿದ ಬೆರಳೂ. ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುವ ಪದ್ಧತಿ ಮಾತ್ರ ನಿಲ್ಲಲಿ. ಇಬ್ಬರು ಜೊತೆಯಾಗಿ ಓದಿದರೆ ನಾಚಿಕೆ ಅರ್ಧವಾಗುತ್ತದೆ.

ಸುಗ್ಗಿ ಬಂದರೆ ತರಗತಿಗೆ ರಜೆ ಕೊಡಿ. ಮತ್ತೆ ಸೇರುವ ದಿನವನ್ನು ಅಂದೇ ಹೇಳಿ ಕಳಿಸಿ.